ಗಂಟು ರೋಗ ಬಂದ ಹಸುವಿನಿಂದ ಮಗುವಿಗೆ ಮೆದುಳು ಜ್ವರ ಬರುತ್ತದೆಯೇ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಹೊಳೆ ಬದಿಯ ಊರು. ಮನೆ ಎದುರಿಗೇ ಗದ್ದೆ, ಅದರಾಚೆ ಗಜನಿ (ಹೊಳೆಯ ಉಪ್ಪುನೀರು ಏರುವ ಗದ್ದೆ). ಎರಡು ದನ, ಐದು ತಿಂಗಳ ಒಂದು ಕರು, ಒಂದು ನಾಯಿ ಇವೆ. ಕೊಟ್ಟಿಗೆ ಮನೆಗೆ ತಾಗಿಯೇ ಇದೆ. ಕಳೆದ ತಿಂಗಳು ನಮ್ಮ ಹಸು ಗೌರಿಗೆ ಜ್ವರ ಬಂದು ಮೈತುಂಬ ಗಂಟು ಎದ್ದವು. ಚರ್ಮಗಂಟು ರೋಗ ಅಂತ ಪಶು ಆಸ್ಪತ್ರೆಯವರು ಔಷಧಿ ಕೊಟ್ಟರು, ಈಗ ಗಾಯ ಒಣಗುತ್ತಿದೆ. ಅಷ್ಟರಲ್ಲಿ ನಮ್ಮ ಕೇರಿಯ ಏಳು ವರ್ಷದ ಹುಡುಗನಿಗೆ ಜ್ವರ ಬಂದು, ಮೂರನೇ ದಿನ ಫಿಟ್ಸ್ ಬಂದು, ಮಣಿಪಾಲಕ್ಕೆ ಒಯ್ದಿದ್ದಾರೆ. ಮೆದುಳು ಜ್ವರ ಇರಬಹುದು ಅಂದರಂತೆ, ರಿಪೋರ್ಟ್ ಇನ್ನೂ ಬಂದಿಲ್ಲ. ಊರಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ದನದ ರೋಗವೇ ನುಸಿಯಿಂದ (ಸೊಳ್ಳೆಯಿಂದ) ಮಗುವಿಗೆ ದಾಟಿದ್ದು ಅಂತ ಕೆಲವರು. ನಮ್ಮ ಅತ್ತೆ ಇದು ಮಂಗನ ಕಾಯಿಲೆಯೇ ಅನ್ನುತ್ತಾರೆ, ದನ ಮಾರಿಬಿಡುವ ಅಂತ ಹಟ ಹಿಡಿದಿದ್ದಾರೆ. ಗದ್ದೆ ಬದಿಯ ಆಲದ ಮರದಲ್ಲಿ ನೂರಾರು ಬೆಳ್ಳಕ್ಕಿ ಕೂರುತ್ತವೆ, ಆ ಮರ ಕಡಿಸಬೇಕು ಅಂತ ಇನ್ನು ಕೆಲವರು. ಒಂದು ಮೈಲಿ ದೂರದಲ್ಲಿ ಹಂದಿ ಸಾಕುವವರ ಮೇಲೂ ಸಿಟ್ಟಾಗಿದ್ದಾರೆ. ಶಿರಸಿಯಲ್ಲಿರುವ ನನ್ನ ಅಕ್ಕ, ತೋಟದ ಅಡಿಕೆ ಹಾಳೆ ಎಲ್ಲ ಹೆಕ್ಕಿ ಸುಟ್ಟರೆ ಸಾಕು ಅನ್ನುತ್ತಾಳೆ. ನನಗೆ ನಾಲ್ಕು ವರ್ಷದ ಮಗಳಿದ್ದಾಳೆ. ಅವಳ ತಾಯಿ ಕಾರ್ಡಿನಲ್ಲಿ ಜೆಇ (ಮೆದುಳು ಜ್ವರದ) ಲಸಿಕೆ ಒಂದೇ ಸಲ ಬರೆದಿದೆ. ರಾತ್ರಿ ನಿದ್ದೆ ಬರುತ್ತಿಲ್ಲ. ನಾವು ಏನು ಮಾಡಬೇಕು? ಗೌರಿಯ ಹಾಲು ಕರುವಿಗೆ ಬಿಡಬಹುದೇ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ, ತಂಗಿ. ಕೇಳಿದ್ದು ಹಲವು ಪ್ರಶ್ನೆಯಾದರೂ ಬುಡದಲ್ಲಿರುವ ಹೆದರಿಕೆ ಒಂದೇ. ಕೊಟ್ಟಿಗೆಯಲ್ಲಿ ಗೌರಿಯ ರಕ್ತ ಹೀರಿದ ನುಸಿ ಗೋಡೆ ದಾಟಿ ಬಂದು ಮಗಳನ್ನು ಕಚ್ಚಿದರೆ ಏನು ಗತಿ, ಎಂಬುದು. ಮೂವತ್ತು ವರ್ಷ ಈ ಜಿಲ್ಲೆಯಲ್ಲಿ, ಘಟ್ಟದ ಮೇಲೂ ಕೆಳಗೂ, ದನದ ಡಾಕ್ಟರಾಗಿ ತಿರುಗಿದವನು ನಾನು. ಅದೇ ಹೆದರಿಕೆಯನ್ನು ಎಷ್ಟೋ ಜಗಲಿಯ ಮೇಲೆ ಕೂತು ಕೇಳಿದ್ದೇನೆ. ಹಾಗಾಗಿ ಮೊದಲು ಉತ್ತರ ಹೇಳಿ ಆಮೇಲೆ ಕಾರಣ ಹೇಳುತ್ತೇನೆ: ಗೌರಿಯಿಂದ ನಿಮ್ಮ ಮಗಳಿಗೆ ಗಂಟು ರೋಗವೂ ಬರುವುದಿಲ್ಲ, ಮೆದುಳು ಜ್ವರವೂ ಬರುವುದಿಲ್ಲ. ಹಸುವನ್ನು ಮಾರಬೇಡಿ, ಮರ ಕಡಿಸಬೇಡಿ. ಈ ವಾರ ನೀವು ಮಾಡಲೇಬೇಕಾದ ಕೆಲಸ ಮಗಳ ಎರಡನೇ ಲಸಿಕೆ.

ನಿಮ್ಮ ಊರಿನ ಮಾತಿನಲ್ಲಿ ನಾಲ್ಕು ಬೇರೆ ಬೇರೆ ರೋಗಗಳು ಒಂದೇ ಗಂಟಿನಲ್ಲಿ ಕಟ್ಟಿಕೊಂಡಿವೆ. ಅದನ್ನು ಬಿಚ್ಚದೆ ಮುಂದಿನ ದಾರಿ ಕಾಣುವುದಿಲ್ಲ.

ಗೌರಿಗೆ ಬಂದದ್ದು ಚರ್ಮಗಂಟು ರೋಗ. ಇದರ ವೈರಸ್ಸು ಕುರಿ ಸಿಡುಬು, ಮೇಕೆ ಸಿಡುಬಿನ ವೈರಸ್ಸಿನ ದಾಯಾದಿ. ನಮ್ಮ ದೇಶದಲ್ಲಿ ಮೊದಲು ಕಂಡದ್ದು 2019ರಲ್ಲಿ ಒಡಿಶಾದಲ್ಲಿ. 2022ರಲ್ಲಿ ರಾಜಸ್ಥಾನ, ಗುಜರಾತಿನಿಂದ ಹಿಡಿದು ನಮ್ಮ ರಾಜ್ಯದವರೆಗೆ ದನಗಳನ್ನು ಹೇಗೆ ಕಾಡಿತೆಂದು ನಿಮಗೆ ನೆನಪಿರಬಹುದು. ಕಚ್ಚುವ ನೊಣ, ನುಸಿ, ಉಣಗು (ಉಣ್ಣೆಹುಳ) ಇದನ್ನು ಒಂದು ದನದಿಂದ ಇನ್ನೊಂದಕ್ಕೆ ಒಯ್ಯುತ್ತವೆ. ಮನುಷ್ಯರಿಗೆ ಇದು ತಗಲುವುದಿಲ್ಲ. ಗಂಟು ಒಡೆದು ಕೀವು ಸೋರುವ ದನಗಳ ಗಾಯವನ್ನು ಬರಿಗೈಯಲ್ಲಿ ತೊಳೆದ ಹೆಂಗಸರನ್ನು ನಾನು ನೋಡಿದ್ದೇನೆ, ಅವರಲ್ಲಿ ಒಬ್ಬರಿಗೂ ಏನೂ ಆಗಲಿಲ್ಲ. (ಕೈ ತೊಳೆದುಕೊಳ್ಳಿ, ಅದು ಬೇರೆ ಮಾತು. ಗಾಯದಲ್ಲಿ ಬೇರೆ ಕ್ರಿಮಿಗಳಿರುತ್ತವೆ.)

ನಿಮ್ಮ ಕೇರಿಯ ಹುಡುಗನಿಗೆ ಬಂದಿರಬಹುದಾದದ್ದು ಜಪಾನೀಸ್ ಎನ್ಸೆಫಲೈಟಿಸ್, ಜನರ ಬಾಯಲ್ಲಿ ಮೆದುಳು ಜ್ವರ, ಆರೋಗ್ಯ ಇಲಾಖೆಯವರ ಬಾಯಲ್ಲಿ ಜೆಇ. ರೋಗವನ್ನು ಮೊದಲು ಜಪಾನಿನಲ್ಲಿ ಗುರುತಿಸಿದ್ದರಿಂದ ಆ ಹೆಸರು, ವೈರಸ್ಸನ್ನು ಬೇರ್ಪಡಿಸಿದ್ದೂ ಅಲ್ಲೇ, 1935ರಲ್ಲಿ. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿದ್ದು 1955ರಲ್ಲಿ, ವೆಲ್ಲೂರಿನ ಕಡೆಯ ರೋಗಿಗಳಲ್ಲಿ. 1973ರಲ್ಲಿ ಬಂಗಾಳದ ಬಾಂಕುರಾ, ಬರ್ಧಮಾನ್ ಜಿಲ್ಲೆಗಳಲ್ಲಿ ದೊಡ್ಡದಾಗಿ ಹಬ್ಬಿತು. ನಮ್ಮ ಕೋಲಾರ, ಮಂಡ್ಯ ಕಡೆಯವರು ಇದನ್ನು ಬಹಳ ಹಿಂದೆಯೇ ಕಂಡವರು. 2005ರಲ್ಲಿ ಗೋರಖಪುರದ ಸುತ್ತ ಸಾವಿರಕ್ಕೂ ಹೆಚ್ಚು ಜನ, ಬಹುಪಾಲು ಮಕ್ಕಳು, ತೀರಿಕೊಂಡ ಮೇಲೆ ಸರ್ಕಾರ 2006ರಿಂದ ಮಕ್ಕಳಿಗೆ ಲಸಿಕೆ ಹಾಕಲು ಹೊರಟಿತು.

ನಿಮ್ಮ ಅತ್ತೆಯವರು ಹೇಳುವ ಮಂಗನ ಕಾಯಿಲೆ ಮೂರನೆಯದು. ಅವರ ಹೆದರಿಕೆಗೆ ಆಧಾರ ಇದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಗುರುತಾದ ಆ ರೋಗ ನಮ್ಮ ಸಿದ್ದಾಪುರದ ಕಡೆ ಎಷ್ಟೋ ಮನೆಗಳಿಗೆ ದುಃಖ ತಂದಿದೆ. ಅದರ ವೈರಸ್ಸೂ ಜೆಇ ವೈರಸ್ಸೂ ಒಂದೇ ಕುಟುಂಬದವು ಎಂಬುದೂ ನಿಜ. ಆದರೆ ಮಂಗನ ಕಾಯಿಲೆ ಹರಡುವುದು ಕಾಡಿನ ಉಣಗಿನಿಂದ. ಅದರ ಕಾಲ ನವೆಂಬರ್‌ನಿಂದ ಮೇ ತನಕ, ಸೊಪ್ಪು, ದರಕು, ಸೌದೆ ಅಂತ ಜನ ಕಾಡಿಗೆ ಹೋಗುವ ಒಣ ದಿನಗಳು. ಜೆಇ ಬರುವುದು ಮಳೆಗಾಲದ ನಡುವಿನಿಂದ ಗದ್ದೆ ಕೊಯ್ಲಿನ ತನಕ. ಗದ್ದೆ ಬಯಲಿನ ಏಳು ವರ್ಷದ ಹುಡುಗನಿಗೆ, ಕೊಯ್ಲಿಗೆ ಮೊದಲಿನ ಈ ತಿಂಗಳಲ್ಲಿ ಬಂದ ಜ್ವರವನ್ನು ಮಂಗನ ಕಾಯಿಲೆ ಎನ್ನಲು ಕಾರಣ ಕಾಣುವುದಿಲ್ಲ.

ನಾಲ್ಕನೆಯದು ನಿಮ್ಮ ಅಕ್ಕ ಹೇಳುವ ಹಾಳೆಯ ಮಾತು. ಅದು ಡೆಂಗಿ, ಚಿಕೂನ್‌ಗುನ್ಯದ ಮಾತು. ಅಡಿಕೆ ತೋಟದಲ್ಲಿ ಬಿದ್ದ ಹಾಳೆ, ತೆಂಗಿನ ಗೆರಟೆ, ಹಳೇ ಟಯರು, ಮುಚ್ಚದ ಡ್ರಮ್ಮಿನಲ್ಲಿ ನಿಂತ ಚೊಕ್ಕ ನೀರಿನಲ್ಲಿ ಹುಟ್ಟುವುದು ಈಡಿಸ್ ಸೊಳ್ಳೆ. ಮೈಮೇಲೆ ಬಿಳಿ ಪಟ್ಟೆ, ಹಗಲು ಕಚ್ಚುತ್ತದೆ. ಅದಕ್ಕೆ ಹಕ್ಕಿಯೂ ಬೇಡ, ಹಂದಿಯೂ ಬೇಡ. ಜ್ವರ ಬಂದ ಮನುಷ್ಯನಿಂದಲೇ ಇನ್ನೊಬ್ಬ ಮನುಷ್ಯನಿಗೆ ಒಯ್ಯುತ್ತದೆ. ಅಕ್ಕ ಹೇಳಿದ್ದನ್ನು ಮಾಡಿ, ಶಿರಸಿಯಲ್ಲಿ ಅದು ಇನ್ನೂ ಮುಖ್ಯ. ಆದರೆ ಹಾಳೆ ಹೆಕ್ಕಿದರೆ ಜೆಇ ತಪ್ಪುವುದಿಲ್ಲ, ಅದರ ನುಸಿ ಹುಟ್ಟುವ ಜಾಗವೇ ಬೇರೆ.

ಈಗ ಜೆಇಯ ವಿಷಯಕ್ಕೆ ಬರೋಣ. ನಿಮ್ಮ ಪ್ರಶ್ನೆಯ ಜೀವ ಅಲ್ಲಿದೆ.

ಇದನ್ನು ಒಯ್ಯುವುದು ಕ್ಯೂಲೆಕ್ಸ್ ಜಾತಿಯ ಗದ್ದೆ ನುಸಿ. ನಾಟಿಯಾದ ಗದ್ದೆಯ ನಿಂತ ನೀರಿನಲ್ಲಿ ಮೊಟ್ಟೆಯಿಟ್ಟು, ನಮ್ಮ ಸೆಕೆಯಲ್ಲಿ ಸುಮಾರು ಹತ್ತು ದಿನದಲ್ಲಿ ಮರಿ ರೆಕ್ಕೆ ಬಲಿತು ಏಳುತ್ತದೆ. ಜೂನ್, ಜುಲೈಯ ಅಬ್ಬರದ ಮಳೆ ಮರಿಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಮಳೆ ಬಿಟ್ಟು ಬಿಟ್ಟು ಬರುವಾಗ, ನೀರು ತಣ್ಣಗೆ ನಿಂತಾಗ, ಅದು ಹೆಚ್ಚುತ್ತದೆ. ಈ ನುಸಿಗೆ ಮನುಷ್ಯನ ರಕ್ತಕ್ಕಿಂತ ದನ, ಹಂದಿಯ ರಕ್ತವೇ ಇಷ್ಟ. ಹೊತ್ತು ಮುಳುಗಿದ ಮೇಲೆ ಹಾರಲು ಶುರು ಮಾಡಿ ರಾತ್ರಿಯೆಲ್ಲ ಕಚ್ಚುತ್ತದೆ, ಹೆಚ್ಚಾಗಿ ಮನೆಯ ಹೊರಗೆ.

ಇಲ್ಲಿ ಒಂದು ವ್ಯತ್ಯಾಸ ತಿಳಿದರೆ ನಿಮ್ಮ ಅರ್ಧ ಹೆದರಿಕೆ ಇಳಿಯುತ್ತದೆ. ಗಂಟು ರೋಗದಲ್ಲಿ ನೊಣವೋ ನುಸಿಯೋ ಕೆಲಸ ಮಾಡುವುದು ತೊಳೆಯದ ಸೂಜಿಯ ಹಾಗೆ. ಒಂದು ದನದ ಗಂಟಿಗೆ ಚುಚ್ಚಿ, ಸೊಂಡಿಲಿಗೆ ಮೆತ್ತಿಕೊಂಡದ್ದನ್ನು ಇನ್ನೊಂದು ದನಕ್ಕೆ ಚುಚ್ಚುತ್ತದೆ. ಜೆಇಯಲ್ಲಿ ಹಾಗೆ ಆಗುವುದಿಲ್ಲ. ನುಸಿ ಹೀರಿದ ರಕ್ತದಲ್ಲಿ ವೈರಸ್ಸು ತುಂಬ ಇರಬೇಕು. ಅದು ನುಸಿಯ ಹೊಟ್ಟೆಯಲ್ಲಿ ಬೇರೂರಿ, ಒಂದೆರಡು ವಾರ ಬೆಳೆದು, ಅದರ ಜೊಲ್ಲಿನ ಗ್ರಂಥಿಗೆ ಬಂದು ಸೇರಬೇಕು. ಆಮೇಲೆಯೇ ಆ ನುಸಿಯ ಕಡಿತ ಅಪಾಯ. ರಕ್ತದಲ್ಲಿ ಅಷ್ಟು ವೈರಸ್ಸು ಬೆಳೆಸಿಕೊಡುವ ಪ್ರಾಣಿಗಳು ಮುಖ್ಯವಾಗಿ ಎರಡು ಬಗೆ: ಬೆಳ್ಳಕ್ಕಿ, ಬಕದಂಥ ನೀರುಹಕ್ಕಿಗಳು ಮತ್ತು ಹಂದಿ. ದನಕ್ಕೆ ಸೋಂಕು ತಗಲುತ್ತದೆ, ರಕ್ತ ಪರೀಕ್ಷೆ ಮಾಡಿದರೆ ಗುರುತೂ ಸಿಗುತ್ತದೆ. ಆದರೆ ಅದರ ರಕ್ತದಲ್ಲಿ ವೈರಸ್ಸು ಏಳುವುದು ತೀರ ಕಡಿಮೆ. ಅದನ್ನು ಕಚ್ಚಿದ ನುಸಿ ಬರಿಗೈಯಲ್ಲಿ ಹೋಗುತ್ತದೆ. ಮನುಷ್ಯರದೂ ಅದೇ ಕಥೆ, ಕುದುರೆಯದೂ ಅದೇ. ಕುದುರೆಗೆ ಪಾಪ, ನಮ್ಮ ಹಾಗೆಯೇ ಮೆದುಳಿಗೆ ಏರಿ ಸಾಯುವುದುಂಟು. ದನಕ್ಕೆ ಜೆಇಯಿಂದ ಕಾಯಿಲೆ ಕಾಣುವುದೇ ಅಪರೂಪ. ನಿಮ್ಮ ನಾಯಿಯ ಬಗ್ಗೆಯೂ ಯೋಚನೆ ಬೇಡ.

ಇದರಿಂದ ಇನ್ನೊಂದು ಮಾತು ಹೊರಡುತ್ತದೆ, ದಯವಿಟ್ಟು ಊರವರಿಗೆ ಹೇಳಿ. ಆ ಹುಡುಗನಿಗೆ ಬಂದದ್ದು ಜೆಇಯಾದರೆ ಅವನಿಂದ ಯಾರಿಗೂ ಇದು ಬರುವುದಿಲ್ಲ. ಮುಟ್ಟಿದರೂ ಇಲ್ಲ, ಒಟ್ಟಿಗೆ ಉಂಡರೂ ಇಲ್ಲ, ಅವನನ್ನು ಕಚ್ಚಿದ ನುಸಿಯಿಂದಲೂ ಇಲ್ಲ. ಅವನ ಮನೆಯವರನ್ನು ದೂರ ಇಡಬೇಡಿ, ಅವನ ಒಡಹುಟ್ಟಿದವರಿದ್ದರೆ ಶಾಲೆಗೆ ಬರಬೇಡಿ ಅನ್ನಬೇಡಿ. ಆಸ್ಪತ್ರೆಯ ಬಾಗಿಲಲ್ಲಿ ಕೂತಿರುವ ಆ ತಾಯಿಗೆ ಊರಿನವರ ಮಾತೂ ಸೇರಿ ಭಾರವಾಗಬಾರದು.

ಹಂದಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹಂದಿಗೆ ಸೋಂಕು ತಗಲಿದಾಗ ಕೆಲವು ದಿನ ರಕ್ತದಲ್ಲಿ ವೈರಸ್ಸು ತುಂಬಿರುತ್ತದೆ, ಆದರೆ ಪ್ರಾಣಿ ಮೇಲುನೋಟಕ್ಕೆ ಚೆನ್ನಾಗಿಯೇ ತಿನ್ನುತ್ತಾ ಓಡಾಡುತ್ತಾ ಇರುತ್ತದೆ. ಒಮ್ಮೆ ಬಂದು ಹೋದ ಹಂದಿಗೆ ಮತ್ತೆ ಬರುವುದಿಲ್ಲ. ಆದರೆ ಸಾಕಣೆಯಲ್ಲಿ ಪ್ರತಿವರ್ಷ ಹೊಸ ಮರಿಗಳು ಬರುತ್ತಲೇ ಇರುವುದರಿಂದ ವೈರಸ್ಸಿಗೆ ಹೊಸ ಮನೆ ಸಿಗುತ್ತಲೇ ಇರುತ್ತದೆ. ಕಾಯಿಲೆ ಕಾಣುವುದು ಗಬ್ಬದ ಹಂದಿಯಲ್ಲಿ: ಕಂದು ಹಾಕುತ್ತದೆ, ಸತ್ತ ಮರಿ, ಒಣಗಿ ಕಪ್ಪಾದ ಮರಿ ಹಾಕುತ್ತದೆ. 2022ರಲ್ಲಿ ಆಸ್ಟ್ರೇಲಿಯಾದ ಹಂದಿ ಫಾರ್ಮುಗಳಲ್ಲಿ ಹೀಗೆ ಸತ್ತ ಮರಿಗಳು ಹುಟ್ಟತೊಡಗಿದ ಮೇಲೆಯೇ ಅಲ್ಲಿ ವೈರಸ್ಸು ಅಷ್ಟು ದೂರ ಹಬ್ಬಿದ್ದು ಬೆಳಕಿಗೆ ಬಂತು.

ನನ್ನ ಕೆಲಸದ ಮೊದಲ ವರ್ಷಗಳಲ್ಲಿ, ಹಂದಿ ಸಾಕಿ ಬದುಕುತ್ತಿದ್ದ ಒಬ್ಬರು ಬಂದು ಒಂದೇ ಮಳೆಗಾಲದಲ್ಲಿ ಎರಡು ಹಂದಿ ಒಣಗಿದ ಮರಿ ಹಾಕಿದವು ಎಂದರು. ಯಾರೋ ಮಾಟ ಮಾಡಿಸಿದ್ದಾರೆ ಎಂದು ಅವರ ಅನುಮಾನ. ಮಾಟವಲ್ಲ ಎಂದು ಸಮಾಧಾನ ಹೇಳಿ, ಮೇವಿನ ಬಗ್ಗೆ ನಾಲ್ಕು ಮಾತಾಡಿ ಕಳಿಸಿದೆ. ಆ ಮರಿಗಳನ್ನು ಪರೀಕ್ಷೆಗೆ ಕಳಿಸಬೇಕಿತ್ತು, ಸುತ್ತಲಿನ ಮನೆಗಳ ಮಕ್ಕಳ ಬಗ್ಗೆ ಆರೋಗ್ಯ ಕೇಂದ್ರದವರಿಗೆ ಒಂದು ಮಾತು ಹಾಕಬೇಕಿತ್ತು. ಮಾಡಲಿಲ್ಲ. ಆ ವರ್ಷ ಅಲ್ಲಿ ಯಾವ ಮಗುವಿಗೂ ಏನೂ ಆಗಲಿಲ್ಲವಾದರೂ ಇವತ್ತಿಗೂ ಅದು ನನ್ನನ್ನು ಕುಟುಕುತ್ತದೆ. ಅದಕ್ಕೇ ಹೇಳುತ್ತಿದ್ದೇನೆ: ನಿಮ್ಮ ಊರಿನ ಹಂದಿ ಸಾಕುವವರನ್ನು ಓಡಿಸಿದರೆ ಅವರು ಇನ್ನೊಂದು ಗದ್ದೆಯ ಬದಿಯಲ್ಲಿ ಗೂಡು ಕಟ್ಟುತ್ತಾರೆ, ಹಂದಿ ಕಂದು ಹಾಕಿದರೂ ಯಾರಿಗೂ ಹೇಳುವುದಿಲ್ಲ. ಅವರನ್ನು ಕರೆದು ಮಾತಾಡಿಸಿ. ಈ ಮಳೆಗಾಲದಲ್ಲಿ ಹಂದಿ ಕಂದು ಹಾಕಿವೆಯೇ ಕೇಳಿ. ಹಾಕಿದ್ದರೆ ಪಶು ಆಸ್ಪತ್ರೆಗೆ ತಿಳಿಸಲಿ. ಗೂಡಿಗೆ ಸಂಜೆಯಿಂದ ಬೆಳಗಿನ ತನಕ ಸಣ್ಣ ಕಣ್ಣಿನ ಬಲೆ ಕಟ್ಟಲು ಪಂಚಾಯತಿ ನೆರವಾಗಬಹುದು. ಗೂಡು ಮನೆಗಳಿಂದಲೂ ಗದ್ದೆಯಿಂದಲೂ ದೂರ ಇದ್ದಷ್ಟು ಒಳ್ಳೆಯದು. ಆದರೆ ಒಂದು ಮೈಲಿ ದೂರ ಎಂಬ ಧೈರ್ಯವೂ ಪೂರ್ತಿ ನಿಜವಲ್ಲ, ಈ ನುಸಿ ಅದಕ್ಕಿಂತ ದೂರ ಹಾರಬಲ್ಲದು. ಹಂದಿ ಮಾಂಸ ಬೇಯಿಸಿ ತಿನ್ನುವುದರಿಂದ ಈ ರೋಗ ಬರುವುದಿಲ್ಲ.

ಆಲದ ಮರದ ಮಾತು. ಬೆಳ್ಳಕ್ಕಿಗೆ ವೈರಸ್ಸು ತಗಲುತ್ತದೆ, ಅದರಿಂದ ನುಸಿಗೆ ಹೋಗುತ್ತದೆ, ನಿಜ. ಮರ ಕಡಿದರೆ ಏನಾಗುತ್ತದೆ? ಹಕ್ಕಿಗಳು ಎದ್ದು ಇನ್ನೊಂದು ಮರಕ್ಕೆ ಹೋಗುತ್ತವೆ, ಬಹುಶಃ ಶಾಲೆಯ ಹಿಂದಿನ ಮರಕ್ಕೆ. ನಿಮ್ಮ ಗದ್ದೆಗೆ ಮೇಯಲು ಮಾತ್ರ ಬಂದೇ ಬರುತ್ತವೆ, ಅಲ್ಲಿ ಅವುಗಳ ಅನ್ನ ಇದೆ. ಬತ್ತದ ಹುಳ, ಮಿಡತೆ ತಿಂದು ನಿಮಗೆ ಮಾಡುವ ಉಪಕಾರ ಬೇರೆ. ಸೋಂದಾದ ಹತ್ತಿರ ಮುಂಡಿಗೆಕೆರೆಯಲ್ಲಿ ಪ್ರತಿ ಮಳೆಗಾಲ ಬೆಳ್ಳಕ್ಕಿಗಳು ಗೂಡು ಕಟ್ಟುವುದನ್ನು ಒಮ್ಮೆ ಮಗಳಿಗೆ ತೋರಿಸಿ. ಅಲ್ಲಿಯ ಜನ ಆ ಹಕ್ಕಿಗಳನ್ನು ಎಷ್ಟು ಅಕ್ಕರೆಯಿಂದ ನೋಡಿಕೊಳ್ಳುತ್ತಾರೆಂದರೆ ನನಗೆ ಅಲ್ಲಿಗೆ ಹೋದಾಗಲೆಲ್ಲ ಮನಸ್ಸು ತುಂಬುತ್ತದೆ. ಈ ಮರದ ವಿಷಯದಲ್ಲಿ ನೀವು ಮಾಡಬಹುದಾದ್ದು ಇಷ್ಟೇ: ಸಂಜೆ ಮಕ್ಕಳನ್ನು ಅದರ ಬುಡದಲ್ಲಿ ಆಡಲು ಬಿಡಬೇಡಿ.

ಈಗ ಲಸಿಕೆ. ಜೆಇ ಸೋಂಕು ತಗಲಿದ ಸುಮಾರು 250 ಜನರಲ್ಲಿ ಒಬ್ಬರಿಗೆ ಮಾತ್ರ ಗಂಭೀರ ಕಾಯಿಲೆ ಕಾಣುತ್ತದೆ. ಉಳಿದವರಿಗೆ ಸಣ್ಣ ಜ್ವರ, ಇಲ್ಲವೇ ಏನೂ ಗೊತ್ತಾಗುವುದಿಲ್ಲ. ಇದು ಸಮಾಧಾನದ ಲೆಕ್ಕದ ಹಾಗೆ ಕಾಣುತ್ತದೆ. ಆದರೆ ಮೆದುಳಿಗೆ ಏರಿದವರಲ್ಲಿ ನೂರಕ್ಕೆ ಮೂವತ್ತರ ತನಕ ಸಾಯುತ್ತಾರೆ. ಬದುಕಿ ಉಳಿದವರಲ್ಲೂ ಎಷ್ಟೋ ಮಕ್ಕಳಿಗೆ ಕೈಕಾಲು ಸ್ವಾಧೀನ ತಪ್ಪುವುದು, ಮಾತು ಹೋಗುವುದು, ಫಿಟ್ಸ್, ಕಲಿಕೆಯಲ್ಲಿ ಹಿಂದುಳಿಯುವುದು ಜೀವನಪೂರ್ತಿ ಉಳಿಯುತ್ತದೆ. ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ಆಸ್ಪತ್ರೆಯಲ್ಲಿ ಮಾಡುವುದೆಲ್ಲ ಫಿಟ್ಸ್ ತಡೆಯುವುದು, ಮೆದುಳಿನ ಬಾವು ಇಳಿಸುವುದು, ಉಸಿರು ಕಾಯುವುದು. ಇಂಥ ರೋಗಕ್ಕೆ ಲಸಿಕೆ ಇರುವಾಗ ಅದನ್ನು ಬಿಡುವುದು ನನ್ನ ಮನಸ್ಸಿಗೆ ಒಪ್ಪದ ಮಾತು.

ಲಸಿಕೆ ಎರಡು ಸಲ: 9 ತಿಂಗಳು ತುಂಬಿದ ಮೇಲೆ ಒಂದು, 16ರಿಂದ 24 ತಿಂಗಳ ನಡುವೆ ಇನ್ನೊಂದು. ಮೊದಲು ಆಯ್ದ ಜಿಲ್ಲೆಗಳಲ್ಲಿ ಮಾತ್ರ ಇತ್ತು. 2022ರ ಡಿಸೆಂಬರ್‌ನಲ್ಲಿ ನಮ್ಮ ರಾಜ್ಯದ ಇನ್ನೂ ಕೆಲವು ಜಿಲ್ಲೆಗಳಲ್ಲಿ, ಕರಾವಳಿಯೂ ಸೇರಿ, ಒಂದರಿಂದ ಹದಿನೈದು ವರ್ಷದ ಮಕ್ಕಳಿಗೆಲ್ಲ ಅಭಿಯಾನ ನಡೆಯಿತು. ನಿಮ್ಮ ಮಗಳ ಎರಡನೇ ಸರದಿ ಹೇಗೋ ತಪ್ಪಿದೆ. ಮೊದಲಿನಿಂದ ಶುರು ಮಾಡಬೇಕಾಗಿಲ್ಲ, ಉಳಿದದ್ದನ್ನು ಹಾಕಿಸಿದರೆ ಆಯಿತು. ಕಾರ್ಡ್ ಹಿಡಿದು ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೋ ಕೇಳಿ. ಹಾಕಿಸಿದ ಮೇಲೆ ಒಂದೆರಡು ದಿನ ಸಣ್ಣ ಜ್ವರ, ಚುಚ್ಚಿದಲ್ಲಿ ನೋವು ಬರಬಹುದು, ಅದು ಸಹಜ. ಮಗುವಿಗೆ ಈಗ ಜೋರು ಜ್ವರವಿದ್ದರೆ ಇಳಿದ ಮೇಲೆ ಹಾಕಿಸಿ. ರೋಗನಿರೋಧಕ ಶಕ್ತಿ ಕುಂದಿಸುವ ಕಾಯಿಲೆ, ಚಿಕಿತ್ಸೆ ಇರುವ ಮಕ್ಕಳ ವಿಷಯ ಮಾತ್ರ ವೈದ್ಯರಿಗೆ ಮೊದಲೇ ಹೇಳಬೇಕು. ಸೂಜಿ ಚುಚ್ಚಿದ ಮರುದಿನವೇ ರಕ್ಷಣೆ ಬರುವುದಿಲ್ಲ, ಕೆಲವು ವಾರ ಬೇಕು. ಅದಕ್ಕಾಗಿಯೇ ಮುಂದಿನ ತಿಂಗಳು ನೋಡುವ ಎನ್ನಬೇಡಿ. ಒಂದು ವಿಷಯ ನಿಮಗೆ ಹೆಮ್ಮೆ ತರಬಹುದು: ದೇಶದಲ್ಲೇ ತಯಾರಾಗಿ 2013ರಲ್ಲಿ ಬಂದ ಜೆನ್ವ್ಯಾಕ್ ಲಸಿಕೆಗೆ ಬಳಸಿದ ವೈರಸ್ಸಿನ ತಳಿ ನಮ್ಮ ಕೋಲಾರದ ರೋಗಿಯೊಬ್ಬರಿಂದ ಸಿಕ್ಕಿದ್ದು.

'ಅಕ್ಕಪಕ್ಕದ ಮಕ್ಕಳೆಲ್ಲ ಹಾಕಿಸಿಕೊಂಡಿದ್ದಾರೆ, ನಮ್ಮ ಮಗುವಿಗೆ ಬಿಟ್ಟರೂ ನಡೆದೀತು' ಎನ್ನುವವರು ನಿಮಗೆ ಸಿಗುತ್ತಾರೆ. ದಡಾರದಲ್ಲಿ ಆ ಮಾತಿಗೆ ಸ್ವಲ್ಪ ಅರ್ಥವಿದೆ, ಅದು ಮಗುವಿನಿಂದ ಮಗುವಿಗೆ ಹರಡುವ ರೋಗ. ಜೆಇ ಮಕ್ಕಳಿಂದ ಹರಡುವುದೇ ಇಲ್ಲ, ಹಕ್ಕಿ ಹಂದಿಗಳ ನಡುವೆ ಸುತ್ತುತ್ತಿರುತ್ತದೆ. ಊರಿನ ಎಲ್ಲ ಮಕ್ಕಳೂ ಹಾಕಿಸಿಕೊಂಡು ಒಬ್ಬಳು ಬಿಟ್ಟರೆ, ಆ ಒಬ್ಬಳ ಅಪಾಯ ಒಂದು ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ.

ಕೊಟ್ಟಿಗೆ. ಹಸು ರೋಗ ಕೊಡುವುದಿಲ್ಲ ಎಂದೆ. ಆದರೆ ಹಸು ನುಸಿಯನ್ನು ಕರೆಯುತ್ತದೆ, ಇದನ್ನೂ ಮುಚ್ಚಿಡಬಾರದು. ಗದ್ದೆಯಿಂದ ಎದ್ದ ನುಸಿ ದನದ ಉಸಿರು, ಮೈವಾಸನೆ ಹಿಡಿದು ಬರುತ್ತದೆ. ಕೊಟ್ಟಿಗೆ ಮನೆಯಿಂದ ದೂರ ಗದ್ದೆಯ ಕಡೆಗಿದ್ದರೆ ದನವೇ ನುಸಿಯ ಪಾಲನ್ನು ತಾನು ತೆಗೆದುಕೊಂಡು ನಿಮ್ಮನ್ನು ಉಳಿಸುತ್ತದೆ. ಮಲಗುವ ಕೋಣೆಗೆ ತಾಗಿದ್ದರೆ ದನಕ್ಕೆ ಬಂದದ್ದೇ ಸಂದಿಯಲ್ಲಿ ನುಗ್ಗಿ ಒಳಗೂ ಬರುತ್ತದೆ. ಕೊಟ್ಟಿಗೆ ಎತ್ತಿಡಲು ಈಗ ಆಗದು, ಗೊತ್ತು. ಮಗಳು ಮಲಗುವ ಕೋಣೆಯನ್ನಾದರೂ ಬದಲಿಸಿ, ಕೊಟ್ಟಿಗೆಯ ಕಡೆಯ ಕಿಟಕಿಗೆ ಜಾಳಿಗೆ ಹಾಕಿಸಿ. ರಾತ್ರಿ ಸೊಳ್ಳೆಪರದೆ ಕಟ್ಟಿ, ಔಷಧಿ ಲೇಪಿಸಿದ್ದು ಸಿಕ್ಕರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ಹೆಚ್ಚು ತಪ್ಪುವುದು ಇಲ್ಲಲ್ಲ, ದೀಪ ಹಚ್ಚಿದ ಮೇಲಿನ ಎರಡು ತಾಸಿನಲ್ಲಿ. ಆ ಹೊತ್ತಿಗೆ ಹಾಲು ಕರೆಯುವ ಅಮ್ಮನ ಹಿಂದೆ ಮಗು ಕೊಟ್ಟಿಗೆಯಲ್ಲಿ, ಜಗಲಿಯಲ್ಲಿ, ಗದ್ದೆಯ ಹಾಳಿಯ ಮೇಲೆ ಅರ್ಧ ಚಡ್ಡಿಯಲ್ಲಿ ಓಡುತ್ತಿರುತ್ತದೆ. ಸಂಜೆ ಕರೆಯುವುದನ್ನು ಬೆಳಕಿರುವಾಗಲೇ ಮುಗಿಸಿ. ಅವಳಿಗೆ ಉದ್ದ ತೋಳಿನ ಅಂಗಿ, ಕಾಲು ಮುಚ್ಚುವ ಪ್ಯಾಂಟು ಹಾಕಿ. ಕೈಕಾಲಿಗೆ ಡೀಟ್ ಇರುವ ಸೊಳ್ಳೆ ಮುಲಾಮು ಹಚ್ಚಬಹುದು, ಅಂಗೈಗೆ, ಕಣ್ಣು ಬಾಯಿಯ ಹತ್ತಿರ ಬೇಡ.

ಲಕ್ಕಿ ಸೊಪ್ಪಿನ ಹೊಗೆ ಕೊಟ್ಟಿಗೆಯಲ್ಲಿ ಹಾಕಿ, ಕಡಿತ ಸ್ವಲ್ಪ ತಗ್ಗುತ್ತದೆ. ಮಗು ಮಲಗುವ ಕೋಣೆಯಲ್ಲಿ ಹಾಕಬೇಡಿ, ಅವಳ ಎದೆಗೆ ಒಳ್ಳೆಯದಲ್ಲ. ದನದ ಮೈಗೆ ಉಣಗಿನ ಔಷಧಿ ಹೊಡೆದರೆ ನುಸಿಯೂ ಸಾಯುತ್ತದೆ ಎಂದು ಅಂಗಡಿಯವರು ಹೇಳಿಯಾರು. ಗೌರಿಯ ಗಾಯ ಪೂರ್ತಿ ಮಾಯುವ ತನಕ ಅದನ್ನು ಮುಟ್ಟಬೇಡಿ. ಆಮೇಲೂ ನಿಮ್ಮ ಪಶುವೈದ್ಯರು ಹೇಳಿದ ಅಳತೆಯಲ್ಲೇ ಬಳಸಿ, ಉಳಿದ ನೀರನ್ನು ಹೊಳೆಗೆ, ಕೆರೆಗೆ ಚೆಲ್ಲಬೇಡಿ, ಮೀನು ಸಾಯುತ್ತವೆ. ಪಂಚಾಯತಿಯ ಫಾಗಿಂಗ್ ಹೊಗೆಯ ಮೇಲೆ ತುಂಬ ನಂಬಿಕೆ ಇಡಬೇಡಿ. ಆ ಹೊತ್ತಿಗೆ ಹಾರುತ್ತಿರುವ ನುಸಿ ಮಾತ್ರ ಸಾಯುತ್ತದೆ, ಗದ್ದೆಯ ನೀರಿನಲ್ಲಿರುವ ಮರಿಗೆ ಅದು ಗೊತ್ತೂ ಆಗುವುದಿಲ್ಲ.

ಗದ್ದೆಯಲ್ಲಿ ಮಾಡಬಹುದಾದ್ದು ಒಂದಿದೆ. ಮಳೆ ಇಳಿದ ಮೇಲೆ, ಬತ್ತಕ್ಕೆ ತೊಂದರೆಯಾಗದ ಹಂತದಲ್ಲಿ, ನಾಲ್ಕೈದು ದಿನ ನೀರು ಬಸಿದು ಮಣ್ಣು ಆರಲು ಬಿಟ್ಟು ಮತ್ತೆ ನೀರು ಕಟ್ಟುವುದು. ಮರಿಗಳು ರೆಕ್ಕೆ ಬಲಿಯುವ ಮೊದಲೇ ಸಾಯುತ್ತವೆ. ಒಬ್ಬರೇ ಮಾಡಿದರೆ ಉಪಯೋಗ ಕಡಿಮೆ, ಬಯಲಿನವರೆಲ್ಲ ಒಟ್ಟಿಗೆ ಮಾಡಬೇಕು. ಆಗಸ್ಟಿನ ಮಳೆಯಲ್ಲಿ ಇದು ನಮ್ಮಲ್ಲಿ ಆಗದ ಮಾತು. ಈಗಿನಿಂದ ಕೊಯ್ಲಿನ ತನಕ ಆದೀತು.

ಆ ಹುಡುಗನ ರಿಪೋರ್ಟ್ ಬರುವ ತನಕ ಅವನಿಗೆ ಜೆಇ ಎಂದೇ ಗಟ್ಟಿ ಮಾಡಬೇಡಿ. ಜ್ವರ, ಫಿಟ್ಸ್, ಪ್ರಜ್ಞೆ ತಪ್ಪುವುದು ಬೇರೆ ಕಾರಣಗಳಿಂದಲೂ ಆಗುತ್ತದೆ. ಹರ್ಪಿಸ್ ವೈರಸ್ಸು, ಬ್ಯಾಕ್ಟೀರಿಯಾದ ಮೆನಿಂಜೈಟಿಸ್ (ಮೆದುಳಿನ ಹೊದಿಕೆಯ ಬಾವು), ಡೆಂಗಿ ಇರಬಹುದು, ಹುಲ್ಲು ಪೊದೆಯ ಸಣ್ಣ ಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಇರಬಹುದು. ಗೋರಖಪುರದಲ್ಲಿ ವರ್ಷಗಟ್ಟಲೆ ಎಲ್ಲವನ್ನೂ ಜೆಇ ಎಂದುಕೊಂಡಿದ್ದ ಮೇಲೆ ಬಹಳಷ್ಟು ಮಕ್ಕಳಲ್ಲಿ ಇದ್ದದ್ದು ಸ್ಕ್ರಬ್ ಟೈಫಸ್ ಎಂದು ಗೊತ್ತಾಯಿತು. ಅದಕ್ಕೆ ಬೇಗ ಹಿಡಿದರೆ ಅಗ್ಗದ ಮಾತ್ರೆಯಲ್ಲೇ ಗುಣವಿದೆ. ಅದಕ್ಕೇ ವೈದ್ಯರು ಬೆನ್ನಿನ ನೀರು ತೆಗೆದು ಪರೀಕ್ಷೆ ಮಾಡಬೇಕು ಎಂದರೆ ಮನೆಯವರು ಒಪ್ಪಬೇಕು. ಬೆನ್ನಿನ ನೀರು ತೆಗೆದರೆ ಸೊಂಟ ಬಿದ್ದುಹೋಗುತ್ತದೆ ಎಂಬುದು ಸುಳ್ಳು. ಜೆಇ ಹೌದೋ ಅಲ್ಲವೋ ಎಂಬುದು ಆ ನೀರಿನ ಐಜಿಎಂ ಎಲಿಸಾ ಪರೀಕ್ಷೆಯಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ನಾನು ಪಶುವೈದ್ಯ, ಮಕ್ಕಳಿಗೆ ಔಷಧಿ ಬರೆಯುವವನಲ್ಲ. ಆದರೆ ಇಷ್ಟು ಹೇಳಲೇಬೇಕು. ನಿಮ್ಮ ಮನೆಯಲ್ಲಿ ಮಗುವಿಗೆ ಜ್ವರ ಬಂದು, ಜೊತೆಗೆ ತಡೆಯದ ತಲೆನೋವು, ಮತ್ತೆ ಮತ್ತೆ ವಾಂತಿ, ಕರೆದರೆ ಸರಿಯಾಗಿ ಓಗೊಡದಿರುವುದು, ಕುತ್ತಿಗೆ ಸೆಟೆಯುವುದು, ಅಸಂಬದ್ಧ ಮಾತು, ಫಿಟ್ಸ್, ಇವುಗಳಲ್ಲಿ ಒಂದು ಕಂಡರೂ ನಾಳೆ ಬೆಳಗಿಗೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಮೊದಲು ಮಣಿಪಾಲಕ್ಕೇ ಹೋಗಬೇಕು ಎಂದು ದಾರಿಯಲ್ಲಿ ಹೊತ್ತು ಕಳೆಯಬೇಡಿ, ಹತ್ತಿರದ ತಾಲೂಕು ಆಸ್ಪತ್ರೆಯಲ್ಲಿ ಫಿಟ್ಸ್ ನಿಲ್ಲಿಸಿ ಅವರೇ ಕಾರವಾರಕ್ಕೋ ಮಣಿಪಾಲಕ್ಕೋ ಕಳಿಸಲಿ. ಫಿಟ್ಸ್ ಬರುತ್ತಿರುವಾಗ ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ. ಬಾಯಿಗೆ ಚಮಚ, ನೀರು, ಔಷಧಿ ಏನೂ ಹಾಕಬೇಡಿ. ಕೈಗೆ ಕಬ್ಬಿಣ ಕೊಡುವುದರಿಂದ, ಈರುಳ್ಳಿ ಮೂಸಿಸುವುದರಿಂದ ಹೋಗುವುದು ಸಮಯ ಮಾತ್ರ. ಬರಿ ಜ್ವರ ಇದ್ದರೂ ಆಸ್ಪಿರಿನ್ ಕೊಡಬೇಡಿ, ಪ್ಯಾರಾಸಿಟಮಾಲ್ ಸಾಕು, ಅದರ ಅಳತೆ ಮಗುವಿನ ತೂಕ ನೋಡಿ ವೈದ್ಯರು ಹೇಳಲಿ.

ದನ ಮಾರುವ ಮಾತಿಗೆ ಅತ್ತೆಯವರಿಗೆ ಹೀಗೆ ಹೇಳಿ. ಗಂಟು ರೋಗ ಬಂದು ಮಾಯುತ್ತಿರುವ ಹಸುವನ್ನು ಈಗ ಸಂತೆಗೆ ಹೊಡೆದರೆ ದಾರಿಯುದ್ದಕ್ಕೂ ಬೇರೆಯವರ ದನಗಳಿಗೆ ರೋಗ ಹಂಚಿದ ಹಾಗೆ ಆಗುತ್ತದೆ. ಮಾಗಿದ ಮೇಲೆ ಗೌರಿ ಮತ್ತೆ ಹಾಲು ಕೊಡುತ್ತಾಳೆ, ಒಮ್ಮೆ ಬಂದು ಹೋದ್ದರಿಂದ ಅವಳಿಗೆ ನಿರೋಧಕ ಶಕ್ತಿಯೂ ಬಂದಿರುತ್ತದೆ. ಅವಳ ಹಾಲು ಉಕ್ಕಿಸಿ ಕಾಯಿಸಿ ನೀವೂ ಮಗಳೂ ಕುಡಿಯಬಹುದು. ಕೊಟ್ಟ ಇಂಜೆಕ್ಷನ್ನಿಗೆ ಎಷ್ಟು ದಿನ ಹಾಲು ಬಿಡಬೇಕು ಎಂದು ಪಶು ಆಸ್ಪತ್ರೆಯಲ್ಲಿ ಒಮ್ಮೆ ಕೇಳಿಕೊಳ್ಳಿ.

ಕರುವಿನ ವಿಷಯ ಕೊನೆಗೆ ಕೇಳಿದ್ದೀರಿ. ಗೌರಿಯ ಮೊಲೆಯ ಮೇಲೆ, 'ಕೆಚ್ಚಲಿನ' ಮೇಲೆ ಗಂಟು, ಹುಣ್ಣು ಇದ್ದರೆ ನೇರ ಕುಡಿಯಲು ಬಿಡಬೇಡಿ. ಅವಳಿಗೂ ನೋವು, ಕರುವಿಗೂ ಅಪಾಯ. ಕೈಯಲ್ಲಿ ಹಿಂಡಿ, ಕಾಯಿಸಿ, ಉಗುರುಬೆಚ್ಚಗೆ ಆರಿಸಿ ಬಾಟಲಿಯಲ್ಲಿ ಕೊಡಿ. ಹಕ್ಕಳೆ ಉದುರಿ ಚರ್ಮ ಕೂಡಿದ ಮೇಲೆ ಬಿಡಬಹುದು. ಕರುವನ್ನೂ ಇನ್ನೊಂದು ದನವನ್ನೂ ಗೌರಿಯಿಂದ ಬೇರೆ ಕಟ್ಟಿ. ಐದು ತಿಂಗಳಾದ್ದರಿಂದ ಕರುವಿಗೂ ಗಂಟು ರೋಗದ ಲಸಿಕೆ ಹಾಕಬಹುದು. ನಮ್ಮಲ್ಲಿ ಅದಕ್ಕೆ ಹೆಚ್ಚಾಗಿ ಬಳಸುತ್ತ ಬಂದದ್ದು ಮೇಕೆ ಸಿಡುಬಿನ ಲಸಿಕೆ. ಕರುವಿಗೆ ಜ್ವರವಾಗಲಿ ಗಂಟಾಗಲಿ ಕಾಣದಿದ್ದರೆ ಮಾತ್ರ, ಪಶುವೈದ್ಯರು ಮೈ ಮುಟ್ಟಿ ನೋಡಿಯೇ ಹಾಕಲಿ.